ಗೋಡೆಗೆ ಒಂದೇ ಕಿವಿ

ಬ್ರೆಡ್ಡಿನ ಮೊದಲ ತುತ್ತು ಅಗಿಯುವಾಗಲೇ ಎಡದವಡೆಯ ಮೂಲೆಯಲ್ಲಿ ಸೂಜಿ ಚುಚ್ಚಿದಂತಾಯಿತು. ಬುದ್ಧಿಹಲ್ಲು ಇರಬೇಕು ಎಂದುಕೊಂಡು ಅವಳು ತಟ್ಟೆ ಸರಿಸಿದಳು. ಟೆನಿಸ್ ಆಟಗಾರರ ಊಟದ ಕೋಣೆಯಲ್ಲಿ ಇನ್ನೂ ಹೆಚ್ಚು ಜನರಿರಲಿಲ್ಲ. ಅಂದು ಮಧ್ಯಾಹ್ನ ಸೆಂಟರ್ ಕೋರ್ಟಿನಲ್ಲಿ ಅವಳ ಪಂದ್ಯ, ಎದುರಾಳಿ ಟೂರ್ನಿಯ ಎರಡನೇ ಶ್ರೇಯಾಂಕದವಳು. ಮೂವತ್ತು ದಾಟಿದರೂ ಅವಳು ಅಲ್ಲಿಯವರೆಗೆ ಆಡಿದ್ದೆಲ್ಲ ಬದಿಯ ಕೋರ್ಟುಗಳಲ್ಲಿ. ಅಲ್ಲಿಗೆ ನೋಡಲು ಬರುತ್ತಿದ್ದವರೆಂದರೆ ಎದುರಾಳಿಯ ಅಪ್ಪ ಅಮ್ಮ, ಇಲ್ಲವೇ ನೆರಳು ಹುಡುಕಿಕೊಂಡು ಬಂದು ಕೂತವರು.

ಜೊತೆಯ ಆಟಗಾರ್ತಿಯರು ಅವಳಿಗೆ ಇಟ್ಟಿದ್ದ ಹೆಸರು ಗೋಡೆ. ಅವಳ ಹೊಡೆತದಲ್ಲಿ ಅಬ್ಬರವಿರಲಿಲ್ಲ, ಆದರೆ ಹೊಡೆದ ಚೆಂಡು ತಿರುಗಿ ಬರುತ್ತಲೇ ಇರುತ್ತಿತ್ತು. ಎದುರಿನವಳಿಗೆ ತಲೆ ಕೆಟ್ಟು, ಚೆಂಡನ್ನು ಬಲೆಗೋ ಬೇಲಿಗೋ ಬಾರಿಸುವ ತನಕ ಬರುತ್ತಿತ್ತು. ಹಿಂದಿನ ದಿನ ಅರ್ಹತಾ ಸುತ್ತಿನ ಕೊನೆಯ ಪಂದ್ಯದಲ್ಲಿ ಹೀಗೆಯೇ ಒಬ್ಬ ಹುಡುಗಿಯನ್ನು ಸೋಲಿಸಿದ್ದಳು. ಸೊಂಟ ಮುಟ್ಟುವ ಜಡೆ ಬಿಟ್ಟುಕೊಂಡೇ ಆಡುತ್ತಿದ್ದ ಆ ಹುಡುಗಿಯನ್ನು ಎಲ್ಲರೂ ಉದ್ದಜಡೆ ಎನ್ನುತ್ತಿದ್ದರು. ಸೋತ ಮೇಲೆ ಉದ್ದಜಡೆ ಕೈಕುಲುಕುತ್ತಾ, "ನಿಮ್ಮ ಜೊತೆ ಆಡೋದೂ ಒಂದೇ, ಬಂಡೆಗೆ ತಲೆ ಚಚ್ಚಿಕೊಳ್ಳೋದೂ ಒಂದೇ" ಎಂದು ಅಳುವ ಮುಖದಲ್ಲೇ ನಕ್ಕಿದ್ದಳು.

ಮುಖ ತೊಳೆಯಲು ಹೋಗಿ ಕನ್ನಡಿ ನೋಡಿದಾಗ ಗೋಡೆಗೆ ಗಾಬರಿಯಾಯಿತು. ಕಿವಿಯ ಕೆಳಗೆ ನಿಂಬೆಹಣ್ಣು ಅಡಗಿಸಿ ಇಟ್ಟಂತೆ ಊದಿಕೊಂಡಿತ್ತು. ಹಣೆ ಮುಟ್ಟಿದರೆ ಕಾದ ಕಾವಲಿ. ನೇರವಾಗಿ ಟೂರ್ನಿಯ ವೈದ್ಯೆಯ ಬಳಿಗೆ ಹೋದಳು.

ವೈದ್ಯೆ ಎರಡು ಬೆರಳಿನಿಂದ ದವಡೆ ಒತ್ತಿ ನೋಡಿದರು. "ಚಿಕ್ಕವಳಿದ್ದಾಗ ಮಂಗನಬಾವು ಆಗಿತ್ತಾ?"

"ಅಕ್ಕನಿಗೆ ಆಗಿತ್ತು. ನನಗೆ ಅಂಟಬಾರದು ಅಂತ ಅಮ್ಮ ನನ್ನನ್ನ ದೊಡ್ಡಮ್ಮನ ಮನೆಗೆ ಕಳಿಸಿಬಿಟ್ರು."

"ಆವಾಗ ತಪ್ಪಿಸಿಕೊಂಡಿದ್ದು ಈಗ ಹುಡುಕಿಕೊಂಡು ಬಂದಿದೆ."

"ಮಂಗನಬಾವಾ? ನನಗಾ? ಈ ವಯಸ್ಸಲ್ಲಾ?" ಅವಳಿಗೆ ನಗು ಬಂತು. ನಕ್ಕರೆ ಪ್ರಾಣ ಹೋಗುವಷ್ಟು ನೋವು.

ಎಲ್ಲಿಂದ ಬಂತೆಂದು ಯೋಚಿಸಬೇಕಾಗಿರಲಿಲ್ಲ. ಈ ಟೂರ್ನಿಗೆ ಬರುವ ಮುಂಚೆ ಅಕ್ಕನ ಮನೆಯಲ್ಲಿ ಒಂದಷ್ಟು ದಿನ ಇದ್ದು ಬಂದಿದ್ದಳು. ಅಕ್ಕನ ಮಗಳು ಚಿಕ್ಕಮ್ಮನ ಕುತ್ತಿಗೆ ತಬ್ಬಿಕೊಂಡೇ ಮಲಗುತ್ತಿದ್ದಳು. ಇವಳು ಹೊರಟ ಮಾರನೆಯ ದಿನವೇ ಮಗುವಿನ ಕೆನ್ನೆಗಳು ಊದಿಕೊಂಡವಂತೆ. ಅಕ್ಕ ಫೋನಿನಲ್ಲಿ, "ನಿನಗೇನಾದ್ರೂ ಅಂಟಿದ್ರೆ ನನ್ನನ್ನ ನಾನೇ ಕ್ಷಮಿಸ್ಕೊಳ್ಳಲ್ಲ ನೋಡು" ಎಂದಿದ್ದಳು. ಇವಳು, "ನಾನು ಗೋಡೆ ಕಣೇ, ನನಗೇನು ಅಂಟುತ್ತೆ" ಎಂದು ನಕ್ಕಿದ್ದಳು.

"ಡಾಕ್ಟ್ರೇ, ಒಂದು ಮಾತ್ರೆ ಕೊಡಿ. ಇವತ್ತೊಂದು ದಿನ ಆಡಿಬಿಡ್ತೀನಿ."

"ಆಡೋ ಮಾತೇ ಇಲ್ಲಮ್ಮ. ಬಟ್ಟೆ ಬದಲಾಯಿಸೋ ಕೋಣೆಯಲ್ಲಿ ಇರೋರಿಗೆಲ್ಲ ಹಂಚ್ತೀರಿ. ಕೆಲವರಿಗೆ ಇದು ಬರೀ ಕೆನ್ನೆಗೆ ನಿಲ್ಲೋ ಕಾಯಿಲೆ ಅಲ್ಲ."

ಟೂರ್ನಿಯ ರೆಫರಿಯನ್ನು ಕರೆಸಿದರು. ಆತ ಬಾಗಿಲಿನಿಂದ ಒಳಗೆ ಕಾಲಿಡದೆ, ಬಾಯಿಗೆ ಕರವಸ್ತ್ರ ಹಿಡಿದು, ತಾನೇ ತಪ್ಪು ಮಾಡಿದವನಂತೆ ಹೇಳಿದ: "ಹಿಂದೆ ಸರಿಯೋ ಮಾತು ನಿಮ್ಮ ಬಾಯಿಂದಲೇ ಬರಬೇಕು. ನಾವು ಹೇಳೋ ಹಾಗಿಲ್ಲ."

ಅವಳು ಬಾಯಿ ತೆರೆದಳು. ದವಡೆ ಸೆಳೆಯಿತು. "ಸರಿದಿದ್ದೀನಿ ಅಂತ ಹೇಳಿಬಿಡಿ" ಎಂದಳು.

ಹೀಗೆ ಯಾರಾದರೂ ಹಿಂದೆ ಸರಿದರೆ, ಅರ್ಹತಾ ಸುತ್ತಿನ ಕೊನೆಯ ಹಂತದಲ್ಲಿ ಸೋತವರಲ್ಲಿ ಒಬ್ಬರಿಗೆ ಆ ಜಾಗ ಸಿಗುತ್ತದೆ. ಲಕ್ಕಿ ಲೂಸರ್ ಎನ್ನುತ್ತಾರೆ. ಅಂದು ಸರದಿ ಉದ್ದಜಡೆಯದಾಗಿತ್ತು. ವೈದ್ಯೆಯ ಕೋಣೆಯ ಗಾಜಿನಾಚೆ ಅವಳು ಕಂಡಳು. ಊರಿಗೆ ಹೊರಡಲು ಹೆಗಲಿಗೇರಿಸಿದ್ದ ಚೀಲವನ್ನು ಇಳಿಸಿ, ಜಡೆ ಬಿಚ್ಚಿ ಮತ್ತೆ ಹೆಣೆದುಕೊಳ್ಳುತ್ತಿದ್ದಳು. ಅವಸರದಲ್ಲಿ ಎಳೆಗಳು ತಪ್ಪುತ್ತಿದ್ದವು.

ಗೋಡೆಯನ್ನು ಆಟಗಾರರ ವಸತಿಗೃಹದ ಮೇಲಿನ ಅಂತಸ್ತಿಗೆ, ಕಾರಿಡಾರಿನ ತುದಿಯ ಕೋಣೆಗೆ ಸಾಗಿಸಿದರು. ಅಕ್ಕಪಕ್ಕದ ಕೋಣೆಗಳು ಖಾಲಿ. ಊಟ ತಂದವರು ಬಾಗಿಲ ಹೊರಗಿನ ಸ್ಟೂಲಿನ ಮೇಲೆ ತಟ್ಟೆಯಿಟ್ಟು, ಎರಡು ಸಲ ಬಡಿದು, ಅವಳು ಬರುವಷ್ಟರಲ್ಲಿ ಮಾಯವಾಗುತ್ತಿದ್ದರು. ಗಂಜಿಯನ್ನೂ ನುಂಗುವುದು ಕಷ್ಟವಾಗಿತ್ತು. ಕಿಟಕಿಯಿಂದ ಕಾಣುತ್ತಿದ್ದದ್ದು ಪ್ರೇಕ್ಷಕರ ಗ್ಯಾಲರಿಯ ಬೆನ್ನು ಮಾತ್ರ: ಕಬ್ಬಿಣದ ಕಂಬಗಳು, ನೀಲಿ ತಾಡಪತ್ರಿ, ನೀರಿನ ಡ್ರಮ್ಮುಗಳು.

ಆದರೆ ಸದ್ದು ಕೇಳುತ್ತಿತ್ತು. ಟೀವಿ ಹಾಕಲು ಮನಸ್ಸಾಗಲಿಲ್ಲ. ಕಿಟಕಿ ತೆರೆದು ಮಲಗಿದಳು. ಚೆಂಡಿನ ಸದ್ದಿನಿಂದಲೇ ಇಡೀ ಪಂದ್ಯ ಅವಳಿಗೆ ಗೊತ್ತಾಗುತ್ತಿತ್ತು. ಇದು ನೇರ ಹೊಡೆತ, ಇದು ಕೊಯ್ದು ಇಳಿಸಿದ್ದು, ಇದು ತಡವಾಗಿ ರ್‍ಯಾಕೆಟ್ಟಿನ ಅಂಚಿಗೆ ತಾಗಿದ್ದು. ಈಗ ಉದ್ದಜಡೆ ಓಡುತ್ತಿದ್ದಾಳೆ. ಈಗ ಸುಸ್ತಾಗಿದ್ದಾಳೆ. ಈಗ ತಡೆ, ಅವಸರ ಮಾಡಬೇಡ, ಇನ್ನೊಂದು ಸಲ ಆಚೆ ಕಳಿಸು. ಆಮೇಲೆ ಗ್ಯಾಲರಿಯ ಕಬ್ಬಿಣವೆಲ್ಲ ನಡುಗುವಂತೆ ಜನ ಕೂಗಿದರು. ಎರಡನೇ ಶ್ರೇಯಾಂಕದವಳು ಗೆದ್ದರೆ ಯಾರೂ ಹಾಗೆ ಕೂಗುವುದಿಲ್ಲ.

ಉದ್ದಜಡೆ ಗೆಲ್ಲಲಿ ಎಂದು ಅವಳ ಮನಸ್ಸಿನ ಒಂದು ಮೂಲೆ ಹಾರೈಸಿತ್ತು. ಉಳಿದ ಮೂರು ಮೂಲೆಗಳು ಹಾರೈಸಿರಲಿಲ್ಲ. ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡಳು.

ಸಂಜೆ ಅಕ್ಕನ ಫೋನು ಬಂತು. "ಏನೇ ಇದು? ಅನಾರೋಗ್ಯದಿಂದ ಹಿಂದೆ ಸರಿದಳು ಅಂತ ಟೀವಿಯವರು ಹೇಳೋದಾ ನಮಗೆ? ಏನಾಯ್ತು?"

"ಜ್ವರ ಕಣಕ್ಕಾ. ಹೊಟ್ಟೆ ಕೆಟ್ಟಿತ್ತು."

"ಮತ್ಯಾಕೆ ಬಾಯಲ್ಲಿ ಹತ್ತಿ ತುಂಬ್ಕೊಂಡೋರ ಹಾಗೆ ಮಾತಾಡ್ತಿದ್ದೀಯ?"

"ಹಲ್ಲುನೋವು."

"ಜ್ವರಾನೋ, ಹೊಟ್ಟೇನೋ, ಹಲ್ಲೋ? ಒಂದು ತೀರ್ಮಾನಕ್ಕೆ ಬಾ."

"ಎಲ್ಲಾ ಒಟ್ಟಿಗೆ ಬಂದಿದೆ. ಹಬ್ಬ ಮಾಡ್ತಿವೆ" ಎಂದು ಅವಳು ಫೋನಿಟ್ಟಳು. ಹತ್ತಿರದವರಿಗೆ ನಿಜ ಹೇಳಿಕೊಂಡು ಅತ್ತುಬಿಡಬೇಕು ಅನಿಸಿತ್ತು. ಆದರೆ ಹೇಳಿದರೆ ಅಕ್ಕನನ್ನೇ ಸಮಾಧಾನ ಮಾಡಬೇಕಾಗುತ್ತಿತ್ತು. ಅಷ್ಟು ಶಕ್ತಿ ಇರಲಿಲ್ಲ.

ಬಾವು ಇಳಿಯತೊಡಗಿದ ಮೇಲೆ, ಒಂದು ಬೆಳಿಗ್ಗೆ ಎದ್ದು ಕೂತರೆ ಕೋಣೆ ಗಿರ್ರನೆ ತಿರುಗಿತು. ಎಡಗಿವಿಯೊಳಗೆ ಜೇನುಹುಳ ಹೊಕ್ಕಂತೆ ಗುಂಯ್‌ಗುಡುತ್ತಿತ್ತು. ಫೋನು ಕುಣಿಯಿತು. ಅಕ್ಕನದು. ಅಭ್ಯಾಸದಂತೆ ಎಡಗೈಯಲ್ಲಿ ಎತ್ತಿ ಎಡಗಿವಿಗೆ ಹಿಡಿದಳು. ಸದ್ದಿಲ್ಲ. "ಹಲೋ? ಅಕ್ಕಾ?" ಎಂದಳು. ಏನೂ ಇಲ್ಲ. ಇಟ್ಟಳು. ಮತ್ತೆ ಬಂತು, ಮತ್ತೆ ಮೌನ. ಮೂರನೆಯ ಸಲ ತಲೆ ಸುತ್ತಿ ಮಂಚದ ಅಂಚಿಗೆ ಆತುಕೊಳ್ಳುವಾಗ ಫೋನು ಬಲಗೈಗೆ ಬಂತು. ಬಲಗಿವಿಯ ಹತ್ತಿರ ತಂದದ್ದೇ ತಡ, ಅಕ್ಕನ ದನಿ ಅರ್ಧ ಬೈಗುಳದಿಂದ ಶುರುವಾಯಿತು: "...ಗಂಟಲು ಹರಿದು ಹೋಗೋ ಹಾಗೆ ಕೂಗ್ತಿದ್ದೀನಿ, ಕಿವಿ ಏನು ಅಡವಿಟ್ಟಿದ್ದೀಯಾ?"

ಅವಳು ನಿಧಾನವಾಗಿ ಫೋನನ್ನು ಎಡಗಿವಿಗೆ ತಂದಳು. ಅಕ್ಕ ಇಲ್ಲ. ಬಲಕ್ಕೆ ತಂದಳು. ಇದ್ದಾಳೆ. ಎಡಕ್ಕೆ. ಇಲ್ಲ.

"ಲೈನ್ ಸರಿ ಇಲ್ಲ ಅಕ್ಕಾ" ಎಂದಳು.

ಟೂರ್ನಿಯವರು ಕಿವಿಯ ತಜ್ಞರ ಹತ್ತಿರ ಕರೆದೊಯ್ದರು. ತಜ್ಞರು ಮಾತ್ರೆ ಕೊಟ್ಟರು. ಅಪರೂಪಕ್ಕೆ ಮಂಗನಬಾವು ಕಿವಿಯ ನರಕ್ಕೆ ಇಳಿಯುತ್ತದೆ ಎಂದರು. "ಕೆಲವರಿಗೆ ತಿರುಗಿ ಬರುತ್ತೆ, ಕೆಲವರಿಗೆ ಬರಲ್ಲ. ಕಾದು ನೋಡೋಣ." ಕೋಣೆಗೆ ವಾಪಸಾಗುವ ಹೊತ್ತಿಗೆ ಟೂರ್ನಿ ಮುಗಿದಿತ್ತು. ಉದ್ದಜಡೆ ಸೆಮಿಫೈನಲಿನವರೆಗೆ ಹೋಗಿ ಸೋತಿದ್ದಳು. ಗೋಡೆ ಬಾಗಿಲಿಗೆ ಎಡಮಗ್ಗುಲಾಗಿ ಕಿಟಕಿಯಲ್ಲಿ ಕೂತು, ಕೆಲಸಗಾರರು ತಾಡಪತ್ರಿ ಮಡಚುವುದನ್ನು, ಕಂಬಗಳನ್ನು ಒಂದೊಂದಾಗಿ ಲಾರಿಗೆ ಹೇರುವುದನ್ನು ನೋಡುತ್ತಿದ್ದಳು. ಗ್ಯಾಲರಿ ಪೂರ್ತಿ ಹೋದ ಮೇಲೆ ಸೆಂಟರ್ ಕೋರ್ಟು ಕಾಣಿಸಿತು. ಇಷ್ಟೇನಾ ಎನ್ನುವಷ್ಟು ಚಿಕ್ಕದಾಗಿತ್ತು.

ಅಲ್ಲಿಂದ ಅಕ್ಕನ ಮನೆಗೆ ಹೋದಳು. ಜ್ವರದಿಂದ ನಿಶ್ಶಕ್ತಿ, ಅಷ್ಟೇ ಎಂದಳು. ಮಾತಾಡುವವರ ಎಡಕ್ಕೆ ಜಾಗ ಹಿಡಿದು, ತನ್ನ ಬಲಗಿವಿ ಅವರ ಕಡೆಗಿರುವಂತೆ ಕೂತು, ತುಟಿ ನೋಡುತ್ತ, ಕೆಲವು ದಿನ ದಾಟಿಸಿದಳು. ಒಂದು ಮಧ್ಯಾಹ್ನ ಸೋಫಾದಲ್ಲಿ ಕೂತಿದ್ದಾಗ ಅಕ್ಕನ ಮಗಳು ಎಡಗಡೆಯಿಂದ ಹತ್ತಿ ಬಂದು, ಎರಡೂ ಕೈ ಬೊಗಸೆ ಮಾಡಿ ಚಿಕ್ಕಮ್ಮನ ಕಿವಿಗೆ ಒತ್ತಿ, ಉದ್ದನೆಯ ಗುಟ್ಟೊಂದನ್ನು ಹೇಳಿದಳು. ಅವಳಿಗೆ ತಿಳಿದದ್ದು ಮಗುವಿನ ಬಿಸಿಯುಸಿರು ಮಾತ್ರ. ಮುಗಿದಂತಾದಾಗ ಕಣ್ಣರಳಿಸಿ, "ಹೌದಾ? ಆಯ್ತು!" ಎಂದಳು.

ಮಗು ಸೋಫಾದಿಂದ ಹಾರಿತು. "ಅಮ್ಮಾ! ಚಿಕ್ಕಮ್ಮ ಆಯ್ತು ಅಂದ್ಲು! ನನ್ನನ್ನ ಟೂರ್ನಿಗೆ ಕರ್ಕೊಂಡು ಹೋಗ್ತಾಳಂತೆ! ಶಾಲೆ ಬಿಡಿಸ್ತಾಳಂತೆ!"

ಅಕ್ಕ ಸೌಟು ಹಿಡಿದೇ ಅಡುಗೆಮನೆಯಿಂದ ಬಂದಳು. "ಏನೇ, ತಲೆಗಿಲೆ ಕೆಟ್ಟಿದ್ಯಾ? ಇವಳು ಈಗ ಬಿಡ್ತಾಳಾ ನಿನ್ನ?"

"ನಾನು... ಹಾಗಂದ್ನಾ?"

ಅಕ್ಕ ತಂಗಿಯ ಮುಖ ನೋಡಿದಳು. ಸೋಫಾದ ಹಿಂದಿನಿಂದ ನಡೆದು ಅವಳ ಎಡಬದಿಗೆ ಹೋದಳು. ಅಲ್ಲಿ ನಿಂತು ಪಿಸುದನಿಯಲ್ಲಿ ಏನು ಹೇಳಿದಳೋ ಗೊತ್ತಿಲ್ಲ. ತಂಗಿ ತಿರುಗಿ ನೋಡುವಷ್ಟರಲ್ಲಿ ಅಕ್ಕನ ತುಟಿ ಮುಚ್ಚಿತ್ತು.

"ಮಂಗನಬಾವು ತಾನೇ?" ಅಕ್ಕ ಈಗ ಎದುರಿಗೆ ಬಂದು ಕೇಳಿದಳು. "ಇಲ್ಲೇ ಅಂಟಿದ್ದು ತಾನೇ?"

ಅವಳು ತಲೆಯಾಡಿಸಿದಳು. ಅಕ್ಕ ಅಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಒಳಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಅಂದಿನಿಂದ ತಂಗಿಯ ಎದುರು ನಿಂತು, ಬಿಡಿಸಿ ಬಿಡಿಸಿ, ಮನೆಗೆ ಬಂದ ಅತಿಥಿಗೆ ಹೇಳುವಂತೆ ಮಾತಾಡತೊಡಗಿದಳು. ಏನು ಕೇಳಿದರೂ ಆಯ್ತು ಎನ್ನುತ್ತಿದ್ದಳು. ಬೈಯಲಿ ಎಂದು ಇವಳು ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದು ನೋಡಿದಳು. ಅಕ್ಕ ಅದನ್ನು ಮೆಲ್ಲಗೆ ಎತ್ತಿ ಒಣಗಿಹಾಕಿದಳು. ಹುಟ್ಟಿದಾಗಿನಿಂದ ಜಗಳವಾಡಿಕೊಂಡೇ ಬೆಳೆದವರಿಗೆ ಜಗಳವಿಲ್ಲದೆ ಏನು ಮಾತಾಡಬೇಕೋ ತಿಳಿಯಲಿಲ್ಲ. ವಾರ ಕಳೆಯುವಷ್ಟರಲ್ಲಿ ಅವಳು ಚೀಲ ಕಟ್ಟಿದಳು.

ಕಿವಿ ತಿರುಗಿ ಬರಲಿಲ್ಲ.

ಕೋರ್ಟಿಗೆ ಇಳಿದ ಮೇಲಷ್ಟೇ ತಾನು ಇಷ್ಟು ವರ್ಷ ಅರ್ಧ ಆಟವನ್ನು ಕಿವಿಯಿಂದ ಆಡುತ್ತಿದ್ದೆ ಎಂದು ಅವಳಿಗೆ ತಿಳಿದದ್ದು. ಎದುರಾಳಿಯ ರ್‍ಯಾಕೆಟ್ಟಿನ ಸದ್ದು ಎಲ್ಲಿಂದ ಬಂತು, ಎಷ್ಟು ಬಿರುಸಿನದು ಎಂಬುದು ಈಗ ಕಲಸುಮೇಲೋಗರ. ಚೆಂಡು ಅವಳು ಎಣಿಸಿದ್ದಕ್ಕಿಂತ ಮುಂಚೆ ಬಂದು ನಿಲ್ಲುತ್ತಿತ್ತು. ಸಾಲಾಗಿ ಸೋತಳು. ಗೋಡೆ ಬಿರುಕು ಬಿಟ್ಟಿದೆ ಎಂದು ಬೆನ್ನ ಹಿಂದೆ ಆಡಿಕೊಂಡದ್ದು ಹೇಗೋ ಬಲಗಿವಿಗೆ ಬಿತ್ತು. ಯಾರಿಗೂ ಏನೂ ಹೇಳಲಿಲ್ಲ. ಎದುರಾಳಿಯ ಹೆಗಲನ್ನೂ ಮಣಿಕಟ್ಟನ್ನೂ ನೋಡಿ ಚೆಂಡನ್ನು ಓದುವುದನ್ನು ಒಬ್ಬಳೇ ಅಭ್ಯಾಸ ಮಾಡಿದಳು.

ಒಂದು ಟೂರ್ನಿಯಲ್ಲಿ ಉದ್ದಜಡೆ ಸಿಕ್ಕಳು. ಈಗ ಅವಳ ಹಿಂದೆ ಕೋಚು, ಫಿಸಿಯೋ, ಮಾತಾಡಿಸಲು ಕಾದ ಪತ್ರಕರ್ತರು. ಗೋಡೆಯನ್ನು ಕಂಡು ಮುಖ ತಿರುಗಿಸಿ ನಡೆದಳು. ಗೋಡೆ ಹಿಂದೆಯೇ ಹೋಗಿ ನಿಲ್ಲಿಸಿದಳು.

"ನಾನೇನು ಮಾಡಿದೆ ನಿನಗೆ?"

"ಏನೂ ಇಲ್ಲ." ಉದ್ದಜಡೆ ನೆಲ ನೋಡಿದಳು. ಆಮೇಲೆ ತಡೆಯದೆ ಹೇಳಿದಳು. "ಆವತ್ತು ಹೊರಡೋ ಮುಂಚೆ ನಿಮ್ಮ ಕೋಣೆಗೆ ಬಂದಿದ್ದೆ. ಬಾಗಿಲು ತೆರೆದೇ ಇತ್ತು. ಎರಡು ಸಲ ಕರೆದೆ. ನೀವು ಕಿಟಕಿ ನೋಡ್ತಾ ಕೂತಿದ್ರಿ, ತಿರುಗಲೇ ಇಲ್ಲ. ನಿಮ್ಮ ಜಾಗ ಸಿಕ್ಕಿದ್ದು ನನ್ನ ತಪ್ಪಾ?"

ಗೋಡೆಗೆ ಆ ದಿನದ ತಾಡಪತ್ರಿ, ಲಾರಿಗೆ ಕಂಬಗಳು ಬೀಳುತ್ತಿದ್ದ ಸದ್ದು, ಎಲ್ಲ ನೆನಪಾದವು. ಆ ಕೋಣೆಗೆ ಯಾರೂ ಬರಲಿಲ್ಲ ಎಂದೇ ಅವಳು ಇಲ್ಲಿಯವರೆಗೆ ನಂಬಿದ್ದಳು.

"ನನಗೆ ಎಡಗಿವಿ ಕೇಳಲ್ಲ" ಎಂದಳು. "ಆ ಕಾಯಿಲೆಯಲ್ಲೇ ಹೋಯ್ತು. ನೀನು ಕರೆದದ್ದು ಗೊತ್ತೇ ಆಗಲಿಲ್ಲ."

ಉದ್ದಜಡೆ ಬಾಯಿಗೆ ಕೈ ಅಡ್ಡ ಹಿಡಿದಳು.

"ಏನು ಹೇಳೋಕೆ ಬಂದಿದ್ದೆ?"

"ಹೆಚ್ಚೇನಿಲ್ಲ. ಏನಾದ್ರೂ ಬೇಕಾ ಅಂತ. ಸ್ವಲ್ಪ ಹೊತ್ತು ಕೂತು ಹೋಗೋಣ ಅಂತ..." ಅಷ್ಟರಲ್ಲಿ ಕೋಚು ಕರೆದ. ಉದ್ದಜಡೆ ಅವಳ ಕೈಯನ್ನು ಒಮ್ಮೆ ಗಟ್ಟಿಯಾಗಿ ಅದುಮಿ, ಸಂಜೆ ಸಿಗ್ತೀನಿ ಎಂದು ಹೋದಳು. ಸಂಜೆ ಅವಳಿಗೆ ಪಂದ್ಯವಿತ್ತು, ಅದರಲ್ಲಿ ಸೋತು ರಾತ್ರಿಯ ವಿಮಾನ ಹತ್ತಿದಳು.

ಮಾರನೆಯ ದಿನ ತೀರಾ ಹಿಂದಿನ ಕೋರ್ಟಿನಲ್ಲಿ ಗೋಡೆಯ ಪಂದ್ಯ. ಎದುರಿಗಿದ್ದವಳ ಹೆಗಲು ಎಡಕ್ಕೆ ವಾಲಿದರೆ ಚೆಂಡು ಬಲಕ್ಕೆ ಬರುತ್ತದೆಂದು ಎರಡನೇ ಸೆಟ್ಟಿನಲ್ಲಿ ಹಿಡಿದಳು. ಆಮೇಲೆ ಒಂದೊಂದು ಚೆಂಡನ್ನೂ ಆಚೆ ಕಳಿಸುತ್ತ ಹೋದಳು. ಬೇಕಾದಷ್ಟು ಹೊತ್ತು ಹಿಡಿಯಿತು. ಮೂರನೇ ಸೆಟ್ಟಿನ ಕೊನೆಯಲ್ಲಿ ಆ ಹುಡುಗಿ ತಲೆ ಕೆಟ್ಟು ಬೇಲಿಗೆ ಬಾರಿಸಿದಳು. ಕಾಯಿಲೆ ಬಿದ್ದ ಮೇಲಿನ ಮೊದಲ ಗೆಲುವು. ಬೆಂಚಿನಲ್ಲಿದ್ದ ನಾಲ್ಕಾರು ಜನ ಚಪ್ಪಾಳೆ ತಟ್ಟಿದರು.

ಬಲೆಯ ಹತ್ತಿರ ಹುಡುಗಿ ಕೈಕುಲುಕಿ, ಬಗ್ಗಿ, ಅವಳ ಎಡಗೆನ್ನೆಯ ಪಕ್ಕದಲ್ಲಿ ಮೆಲ್ಲಗೆ ಏನೋ ಹೇಳಿದಳು. ಗೋಡೆಗೆ ಕೇಳಲಿಲ್ಲ. ಇನ್ನೊಮ್ಮೆ ಹೇಳು ಎನ್ನಲು ಮನಸ್ಸು ಬರಲಿಲ್ಲ.

"ನೀನೂ ಅಷ್ಟೇ, ಚೆನ್ನಾಗಿ ಆಡಿದೆ" ಎಂದಳು.

ಹುಡುಗಿ ಒಂದು ಗಳಿಗೆ ಅರ್ಥವಾಗದವಳಂತೆ ನೋಡಿ, ಆಮೇಲೆ ತಲೆಯಾಡಿಸಿ, ತನ್ನ ಕುರ್ಚಿಯ ಕಡೆ ಹೋದಳು.