ಚಕ್ರದ ಕೀಲು ಯಾರ ಕೈಯಲ್ಲಿದೆ?

ಕಾಯಿಸಿದ ಹರಳೆಣ್ಣೆಗೆ ಕೊಬ್ಬು ಬೆರೆತ ಕಮಟು ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ನನಗೆ ಅಪ್ಪನ ಕಂಬಳಿ ನೆನಪಾಗುತ್ತದೆ. ಬ್ರಿಟಿಷರ ಕಾಲ. ಕೀಳ್ ಕೋತಗಿರಿ ಎಂಬ ಬೆಟ್ಟದೂರಿನ ಒಂದು ಎಸ್ಟೇಟಿನಲ್ಲಿ ಟೀ ಸೊಪ್ಪಿನ ಮೂಟೆಗಳು ತಂತಿಹಗ್ಗಕ್ಕೆ ತೂಗುಬಿದ್ದು, ಕಣಿವೆಯ ಮೇಲಿಂದಲೇ ಫ್ಯಾಕ್ಟರಿಗೆ ಇಳಿಯುತ್ತಿದ್ದವು. ಆ ಹಗ್ಗದ ದಾರಿಯ ಉಸ್ತುವಾರಿ ನನ್ನಪ್ಪ ಮಾದಪ್ಪನದು. ಕೆಳಗೆ ಹಗ್ಗ ಎಳೆಯುವ ಚಕ್ರವನ್ನು ತಿರುಗಿಸುವ ಇಂಜಿನ್ ನಡೆಸುವವನು ಶಿವಲಿಂಗಯ್ಯ. ಗುಡ್ಡದ ಕಂಬ ಹತ್ತಿ, ಹಗ್ಗ ಹಾಯುವ ಗಾಲಿಗಳಿಗೆ ಆ ಕಮಟು ಎಣ್ಣೆ ಹಚ್ಚುವವನು ಹಟ್ಟಿಯ ಹಾಲ ಎಂಬಾತ.

ಹಾಲ ಹತ್ತುವ ಮುಂಚೆ ಇಂಜಿನ್ ನಿಲ್ಲಿಸುತ್ತಿದ್ದರು. ಕೆಲಸ ಮುಗಿಸಿ ಇಳಿದು, ಅವನು ಕಂಬದ ಬುಡದಿಂದ ಬಿಳಿ ಬಟ್ಟೆ ಬೀಸಿದರೆ ಮತ್ತೆ ಓಡಿಸುವುದು. ಅಪ್ಪನಿಗೆ ಅಷ್ಟು ಸಾಲದೆನಿಸಿತ್ತು.

ನಾನು ಬುತ್ತಿ ಕೊಡಲು ಹೋದ ದಿನ ಅಪ್ಪ ಅದೇ ಮಾತು ತೆಗೆದಿದ್ದ.

"ಶಿವಲಿಂಗಣ್ಣ, ಇನ್ಮೇಲೆ ಚಕ್ರದ ಕೀಲು ಬಿಚ್ಚಿ ಹಾಲನ ಕೈಗೆ ಕೊಡು. ಕೀಲಿಲ್ದೆ ಚಕ್ರ ತಿರುಗಲ್ಲ. ಅವ್ನೇ ಇಳಿದು ಬಂದು ಹಾಕ್ಲಿ."

"ಅವ್ನು ಗುಡ್ಡ ಇಳಿದು ಬರೋಗಂಟ ಸೊಪ್ಪು ಮೂಟೇಲೇ ಬೇಯ್ತದೆ ಕಣಪ್ಪ! ನಂಗೇನು ಕಣ್ ಕಾಣಲ್ವಾ? ಹದ್ದಿನ ಕಣ್ಣು ಇದು!"

"ಸೊಪ್ಪು ಬೆಂದೋದ್ರೆ ಗಿಡ ಮತ್ತೆ ಚಿಗುರ್ತದೆ. ಹಾಲ ಚಿಗುರ್ತಾನಾ?"

ಶಿವಲಿಂಗಯ್ಯ ಗೊಣಗುತ್ತಲೇ ಕೀಲು ಕಿತ್ತುಕೊಟ್ಟ. ಹಾಲ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಇವತ್ತು ಇಂಜಿನ್ನಿಗೆ ನಾನೇ ದೊರೆ ಅಣ್ಣ" ಎಂದು ನಗುತ್ತ ಗುಡ್ಡ ಹತ್ತಿದ.

ಸ್ವಲ್ಪ ಹೊತ್ತಿಗೆ ಕಂಬದ ಬುಡದಲ್ಲಿ ಬಿಳಿ ಬಟ್ಟೆ ಹಾರಾಡಿತು.

"ನೋಡು, ಮುಗೀತು!" ಎಂದವನೇ ಶಿವಲಿಂಗಯ್ಯ ಹಳೆಯ ಅಭ್ಯಾಸದಂತೆ ಹಿಡಿ ಎಳೆದ. ಇಂಜಿನ್ ಗರ್ಜಿಸಿತು. ಚಕ್ರ ಮಾತ್ರ ಅಲುಗಲಿಲ್ಲ.

ಅಪ್ಪ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದ. ಹಾಲ ಇನ್ನೂ ಕಂಬದ ತುದಿಯಲ್ಲಿದ್ದ. ಅವನ ಎರಡೂ ಕೈಗಳು ಹಗ್ಗಕ್ಕೂ ಗಾಲಿಗೂ ನಡುವೆ ಇದ್ದವು. ಕೆಳಗೆ ಹಾರಾಡುತ್ತಿದ್ದುದು ಹಟ್ಟಿಯ ಹೆಂಗಸು ರಂಗಿ ಒಗೆದು ಟೀ ಗಿಡದ ಮೇಲೆ ಹರವಿದ್ದ ಬಟ್ಟೆ. ಹಟ್ಟಿಯ ಹೆಂಗಸರೆಲ್ಲ ಉಡುವುದೇ ಬಿಳಿ. ಅಂಥ ಊರಿನಲ್ಲಿ ಬಿಳಿ ಬಟ್ಟೆಯನ್ನೇ ಗುರುತು ಮಾಡಿಕೊಂಡಿದ್ದರು. ಅಷ್ಟು ದಿನ ಯಾರಿಗೂ ಅದು ಹೊಳೆದಿರಲಿಲ್ಲ.

ಶಿವಲಿಂಗಯ್ಯ ಇಂಜಿನ್ ನಿಲ್ಲಿಸಿ ಅಪ್ಪನ ಕಡೆ ತಿರುಗಿದ. "ಇನ್ಮೇಲೆ ಕೀಲು ತಕೊಳ್ದೆ ಯಾರೂ ಹತ್ತಬಾರ್ದು ಮಾದಪ್ಪ. ದೊರೆನೇ ಬಂದು ಹೇಳಿದ್ರೂ ಸೈ."

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯವರೂ ಗಿರಣಿಯಲ್ಲೋ ಟೀ ಫ್ಯಾಕ್ಟರಿಯಲ್ಲೋ ದುಡಿಯುತ್ತಿರಬಹುದು. ಕೂಗನ್ನು, ಕೈಸನ್ನೆಯನ್ನು, ದೂರದ ಬಟ್ಟೆಯನ್ನು ನಂಬಿ ಯಂತ್ರ ಓಡಿಸಬೇಡಿ. ಯಂತ್ರದೊಳಗೆ ಯಾರ ಕೈ ಇದೆಯೋ ಅದರ ಕೀಲು ಅವರ ಹತ್ತಿರವೇ ಇರಲಿ. ಇವತ್ತು ಅವರು ಮನೆಗೆ ಬಂದಾಗ ಕೇಳಿ: "ಕೀಲು ಯಾರ ಹತ್ತಿರ ಇತ್ತು?"

ಅಂದು ಹಾಲ ಏನೂ ತಿಳಿಯದೆ ಶಿಳ್ಳೆ ಹಾಕುತ್ತ ಇಳಿದು ಬಂದ. ಕೀಲನ್ನು ಅದರ ಜಾಗಕ್ಕೆ ಸೇರಿಸಿ, ಹುಲ್ಲಿನಲ್ಲಿ ಕೈ ಒರೆಸಿಕೊಂಡ. ಶಿವಲಿಂಗಯ್ಯ ಆ ಕೈಗಳನ್ನೇ ಒಂದು ಗಳಿಗೆ ನೋಡಿದ. ಆಮೇಲೆ ತನ್ನ ಬುತ್ತಿ ತಂದು, ಗಂಟು ಬಿಚ್ಚಿ, ಅವುಗಳಲ್ಲಿಟ್ಟ.