ಅಗ್ರಿಪ್ಪಿನಾಳ ದೋಣಿ

ಶವಸಂಸ್ಕಾರದ ಸಭಾಂಗಣದ ಬಾಗಿಲಲ್ಲೇ ಕಿರಣಕುಮಾರ ಅಕ್ಕನ ಕೈ ಹಿಡಿದು ನಿಲ್ಲಿಸಿದ.

“ಅಕ್ಕಾ, ಆ ದೋಣಿ ಅಧ್ಯಾಯ ಒಂದ್ ಓದಬ್ಯಾಡ. ಎಲ್ಲಾರೂ ನನ್ನ ಮುಖಾನ ನೋಡ್ತಾರ.”

ಪಲ್ಲವಿ ಕೈ ಬಿಡಿಸಿಕೊಂಡಳು. ಸಿಡ್ನಿಯಿಂದ ಫ್ಲೈಟಿನಲ್ಲಿ ಬರುವಾಗ ಅದನ್ನೇ ಓದಬೇಕೆಂದು ಗಟ್ಟಿ ಮಾಡಿಕೊಂಡಿದ್ದಳು.

ಒಳಗೆ ತೆರೆದ ಶವಪೆಟ್ಟಿಗೆಯಲ್ಲಿ ಅವ್ವ ರತ್ನವ್ವ ಮಲಗಿದ್ದಳು. ಧಾರವಾಡದಲ್ಲಿ ಇತಿಹಾಸ ಕಲಿಸಿದವಳು, ಮೆಲ್ಬರ್ನಿಗೆ ಬಂದ ಮೇಲೆ ರೋಮಿನ ರಾಜಮನೆತನದ ಮೇಲೊಂದು ಕಾದಂಬರಿ ಕಟ್ಟುತ್ತಿದ್ದಳು. ಮಗ ನೀರೋನನ್ನು ಪಟ್ಟಕ್ಕೆ ಕೂರಿಸಿದವಳು ಅಗ್ರಿಪ್ಪಿನಾ. ಅಧಿಕಾರದಲ್ಲಿ ತಾಯಿಯ ಪಾಲನ್ನು ಸಹಿಸದೆ ಅವನು ಅವಳನ್ನು ನಡುನೀರಿನಲ್ಲಿ ಒಡೆಯುವಂತೆ ಮಾಡಿಸಿದ ದೋಣಿಯಲ್ಲಿ ಕಡಲಿಗೆ ಕಳಿಸಿದ. ಅವ್ವ ಈ ಕತೆ ಹೇಳುವಾಗ ಮೆಲ್ಬರ್ನಿನ ಗ್ಲೆನ್ ವೇವರ್ಲಿಯ ಕನ್ನಡಿಗರು ಕೂತು ಕೇಳುತ್ತಿದ್ದರು. ಕಿರಣ ಅವ್ವನನ್ನು ವೃದ್ಧರ ಕೇರ್ ಹೋಮಿಗೆ ಸೇರಿಸಿದ ಮೇಲೆ ಅವರು ಆ ಕತೆಯಲ್ಲಿ ಅವನ ಮನೆಯನ್ನು ಹುಡುಕತೊಡಗಿದರು.

“ದೋಣಿದ ಓದವಾ,” ಎಂದರು ಮುಂದಿನ ಸಾಲಿನಲ್ಲಿದ್ದ ಗುರುಶಾಂತಪ್ಪ ಅಂಕಲ್. “ಕೆಲವರ ಕಿವಿಗೆ ಬೀಳಲಿ.”

*

ಹೋದ ತಿಂಗಳು ಅವ್ವ ಕೇರ್ ಹೋಮಿನಿಂದ ಫೋನಿನಲ್ಲಿ ಆ ಅಧ್ಯಾಯ ಹೇಳಿ ಬರೆಸುತ್ತಿದ್ದಳು. ಸಿಡ್ನಿಯ ಮಾರ್ಸ್ಡನ್ ಪಾರ್ಕಿನ ಮನೆಯಲ್ಲಿ ಪಲ್ಲವಿ ಟೈಪ್ ಮಾಡುತ್ತಿದ್ದಳು. ದೋಣಿ ಒಡೆದು, ಅಗ್ರಿಪ್ಪಿನಾ ಈಜಿ ದಡ ಸೇರಿದ್ದಳು.

“ಈಗ ಮಗಗ ಶಾಪ ಹಾಕ್ತಾಳೇನವ್ವಾ?”

“ಇಲ್ಲ. ಆಳಿನ ಕೂಡ ಮಗಗ ಹೇಳಿ ಕಳಸ್ತಾಳ. ನಾ ಪಾರಾಗೀನಿ. ನೀ ಗಾಬರಿ ಆಗಬ್ಯಾಡ, ನೋಡಾಕೂ ಬರಬ್ಯಾಡ ಅಂತ.”

“ಯಾರ ಮಾಡ್ಯಾರಂತ ಆಕಿಗೆ ಗೊತ್ತಿರಲಿಲ್ಲೇನು?”

“ಗೊತ್ತಿತ್ತು. ಜೀವಾ ಉಳಿಸ್ಕೊಳ್ಳೋ ಉಪಾಯ ಅಂತಾರ ಪುಸ್ತಕದಾಗ. ನನಗ ಹಂಗ ಅನಸಾಂಗಿಲ್ಲ. ಬರಕೋ.”

ಪಲ್ಲವಿ ತಮ್ಮನ ಮೇಲಿನ ಸಿಟ್ಟಿನಲ್ಲೇ ಟೈಪ್ ಮಾಡಿದ್ದಳು.

*

ಶವಪೆಟ್ಟಿಗೆಯ ಪಕ್ಕ ನಿಂತು ಪಲ್ಲವಿ ಓದತೊಡಗಿದಳು. ದೋಣಿ ಒಡೆಯುವಷ್ಟರಲ್ಲಿ ತಲೆಗಳು ಒಂದೊಂದಾಗಿ ಕಿರಣನ ಕಡೆ ತಿರುಗಿದವು. ಅವನು ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದ. ಅಲ್ಲಿಗೇ ನಿಲ್ಲಿಸಬಹುದಿತ್ತು, ಅವಳು ಬಯಸಿದ್ದೂ ಅಷ್ಟೇ. ಆದರೆ ಕೈಯಲ್ಲಿದ್ದ ಫೋನಿನ ಪರದೆ ಸರಿಸಿ ಅವಳು ಮುಂದೆ ಓದಿದಳು.

“ನೀನು ಗಾಬರಿಯಾಗಬೇಡ, ನೋಡಲೂ ಬರಬೇಡ...”

“ಅಕ್ಕಾ,” ಕಿರಣ ಎದ್ದು ನಿಂತಿದ್ದ. “ನನಗೂ ಹಿಂಗ ಅಂದಿದ್ಲು. ಆರಾಮದೀನಿ, ಬರಬ್ಯಾಡ ಅಂತ. ನಾ ಹೋಗಲೇ ಇಲ್ಲ.”

ಗುರುಶಾಂತಪ್ಪ ಅಂಕಲ್ ನೆಲ ನೋಡಿದರು. ಪಲ್ಲವಿ ಫೋನನ್ನು ಕೆಳಗಿಳಿಸಿದಳು.

ಸಿಬ್ಬಂದಿ ಪೆಟ್ಟಿಗೆ ಮುಚ್ಚಲು ಬಂದರು. ಕಿರಣ ಅವರನ್ನು ತಡೆದು, ಅವ್ವನ ಕನ್ನಡಕ ತೆಗೆದ. ಅಂಗಿಯ ತುದಿಯಿಂದ ಎರಡೂ ಗಾಜುಗಳನ್ನು ನಿಧಾನವಾಗಿ ಒರೆಸಿದ, ಬೆಳಕಿಗೆ ಹಿಡಿದು ನೋಡಿದ, ಮತ್ತೊಮ್ಮೆ ಒರೆಸಿ ಅವಳ ಮೂಗಿನ ಮೇಲೆ ಸರಿಯಾಗಿ ಕೂರಿಸಿದ.