ಎಡಗಡೆಯ ಕಪ್ಪು

"ಮುರಿದ್ರೆ ಇದಕ್ಕೆ ಬದಲಿ ಸಿಗಲ್ಲ, ನೆನಪಿರಲಿ," ಎಂದು ಮಾವ ಮೂರನೆಯ ಸಲ ಹೇಳಿದ.

ಅಳಿಯ ತಲೆಯೆತ್ತಲಿಲ್ಲ. ಪಿಕಪ್ಪಿನ ಹಿಂದಿನ ಎಡಚಕ್ರದ ಮೇಲೆ ಕಮಾನಾಗಿ ಕೂತಿದ್ದ ಪ್ಲಾಸ್ಟಿಕ್ ಪಟ್ಟಿಯ ಅಂಚಿಗೆ ಹೇರ್ ಡ್ರೈಯರಿನ ಬಿಸಿಗಾಳಿ ಹಿಡಿದ. ಅದು ಸ್ವಲ್ಪ ಮೆತ್ತಗಾದ ಮೇಲೆ ಸಂದಿಯೊಳಗೆ ಮರದ ಸೌಟಿನ ಹಿಡಿ ತೂರಿಸಿ ಮೆಲ್ಲಗೆ ಮೀಟಿದ. ಗಾಡಿಯ ಮೈಗೆ ಗೀರು ಬೀಳದಿರಲೆಂದು ಹಿಡಿಗೆ ಹಳೆಯ ಬನಿಯನ್ ಸುತ್ತಿದ್ದ. ಟಕ್ ಎಂದು ಒಂದು ಕ್ಲಿಪ್ಪು ಬಿಟ್ಟಿತು. ಇನ್ನಷ್ಟು ಮುಂದೆ ಮತ್ತೊಂದು. ಹನ್ನೆರಡು ವರ್ಷ ಬಿಸಿಲು ಮಳೆ ತಿಂದ ಪಟ್ಟಿ ಎಲ್ಲೂ ಬಿರುಕು ಬಿಡದೆ ಇಡಿಯಾಗಿ ಅವನ ಕೈಗೆ ಬಂತು.

ಅಷ್ಟು ಸಲೀಸಾಗಿ ಬಂದದ್ದೇ ಮಾವನಿಗೆ ಹಿಡಿಸಲಿಲ್ಲ.

"ಒಳ್ಳೆ ಕೈ ಪಳಗಿದೆಯಲ್ಲ ಅಳಿಯಂದ್ರೇ. ಎಲ್ಲಿ ಕಲಿತ್ರಿ?"

"ಫೋನಲ್ಲಿ ವಿಡಿಯೋ ನೋಡ್ದೆ ಮಾವ."

"ಓಹೋ. ವಿಡಿಯೋ."

ಮಾವನಿಗೆ ಅನುಮಾನ ಬಂದರೆ ಬಹುವಚನ ಬರುತ್ತಿತ್ತು. ಮಾಮೂಲಿ ದಿನಗಳಲ್ಲಿ 'ಬಾರೋ, ಕೂತ್ಕೊಳ್ಳೋ' ಎನ್ನುವ ಮನುಷ್ಯ ಅಂದು ಬೆಳಿಗ್ಗೆಯಿಂದ 'ಬನ್ನಿ, ಕೂತ್ಕೊಳ್ಳಿ' ಶುರುಮಾಡಿದ್ದ. ಇಷ್ಟು ಮರ್ಯಾದೆ ಸಿಕ್ಕಿದಾಗಲೆಲ್ಲ ಅಳಿಯನ ಎದೆ ಡವಗುಟ್ಟುತ್ತಿತ್ತು. ಮಾವ ಅಂಗಳದಲ್ಲಿ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತಿದ್ದ. ಕೂತ ಭಂಗಿಯೇ ಕೆಲಸ ನೋಡುವವನದಲ್ಲ, ಕಳ್ಳನನ್ನು ಕಾಯುವವನದು.

ಈ ಕೆಲಸದ ಮಾತೆತ್ತಿದವನು ಅಳಿಯನೇ. ಪಟ್ಟಿಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿವೆ, ಭಾನುವಾರ ಅಷ್ಟೂ ಬಿಚ್ಚಿ ಕಪ್ಪು ಹೊಡೆದುಬಿಡ್ತೀನಿ ಎಂದಿದ್ದ. ಕಿತ್ತ ಚಪ್ಪಲಿ ಹೊಲಿಸಲು ಎರಡು ತಿಂಗಳು ಹಿಡಿಯುವ ಆಸಾಮಿಗೆ ಮಾವನ ಗಾಡಿಯ ಮೇಲೆ ಇದೇನು ಇದ್ದಕ್ಕಿದ್ದ ಹಾಗೆ ಪ್ರೀತಿ? ಅವನು ಹೇಳಿದ ಮೇಲೆ ಮಾವ ಗಾಡಿಯನ್ನು ಒಂದು ಸುತ್ತು ಬಂದು ನೋಡಿದ್ದ. ಬಲಗಡೆಯ ಪಟ್ಟಿಗಳು ಬೂದಿಯಾಗಿದ್ದವು, ನಿಜ. ಎಡಗಡೆಯವು ಕಪ್ಪಗೇ ಇದ್ದವು. ಬಿಸಿಲು ಬಲಕ್ಕೊಂದು ಎಡಕ್ಕೊಂದು ಬೀಳುತ್ತದೆಯೆ?

ಮಾವ ಮೂವತ್ತೊಂದು ವರ್ಷದಿಂದ ಗಾಜು ಸಾಗಿಸುತ್ತಿದ್ದ. ಕಿಟಕಿಯ ಗಾಜು, ಅಂಗಡಿ ಮುಂಭಾಗದ ಆಳೆತ್ತರದ ಗಾಜು, ನಿಲುವುಗನ್ನಡಿ. ಒಂದೂ ಒಡೆದಿರಲಿಲ್ಲ. ಇವರ ಗಾಡಿಯಲ್ಲಿ ಮೊಟ್ಟೆ ಇಟ್ಟರೆ ಮರಿಯಾಗಿಯೇ ಇಳಿಯುತ್ತದೆ ಎಂದು ಗಾಜಿನಂಗಡಿಯ ಯಜಮಾನ ಬಂದವರಿಗೆಲ್ಲ ಹೇಳುತ್ತಿದ್ದ. ಈಗ ಆ ಯಜಮಾನ ಮಧ್ಯಾಹ್ನದ ಪಾಳಿಗೆ ಇನ್ನೊಬ್ಬ ಡ್ರೈವರನ್ನು ಹುಡುಕುತ್ತಿದ್ದ. ಅಳಿಯ ಬೈಂಡಿಂಗ್ ಕೆಲಸ ಮಾಡುತ್ತಿದ್ದ ಪ್ರೆಸ್ಸು ತಿಂಗಳ ಕೊನೆಗೆ ಮುಚ್ಚುವುದಿತ್ತು. "ನಿಮ್ಮ ಅಳಿಯ ಗಾಜಿಗೆ ಆಗ್ತಾನಾ? ನೀವು ಹೂಂ ಅಂದ್ರೆ ನನಗೆ ಸಾಕು, ಶನಿವಾರದೊಳಗೆ ಹೇಳಿ," ಎಂದಿದ್ದ ಯಜಮಾನ. ಮಗಳ ಮನೆಯ ಒಲೆ ಉರಿಯುವುದು ಈಗ ಮಾವನ ಒಂದು ಹೂಂ ಮೇಲೆ ನಿಂತಿತ್ತು. ಆದರೆ ಗಾಡಿಯ ಅಂಚು ಎಲ್ಲಿ ಮುಗಿಯುತ್ತದೆಂದು ಗೊತ್ತಿಲ್ಲದವನ ಕೈಗೆ ಗಾಜು ಕೊಡಲು ಹೇಗೆ ಹೂಂ ಎನ್ನುವುದು?

ಮಗಳು ಬಾಗಿಲಿಗೆ ಬಂದಳು. "ಅಡುಗೆಮನೇಲಿ ಸೌಟಿಲ್ಲ, ರೂಮಲ್ಲಿ ಡ್ರೈಯರ್ ಇಲ್ಲ. ಇನ್ನೇನು, ಒಲೇನೂ ಇಲ್ಲೇ ತಂದಿಟ್ಕೊಳ್ಳಿ."

"ಇನ್ನು ಬಲಗಡೆದು ಮಾತ್ರ. ಕೊಟ್ಬಿಡ್ತೀನಿ," ಎಂದ ಗಂಡ.

ಬಲಗಡೆಯ ಪಟ್ಟಿ ಬಿಡಿಸುವಾಗ ಮೂರು ಕ್ಲಿಪ್ಪುಗಳು ಒಣ ಕಡ್ಡಿಯ ಹಾಗೆ ಮುರಿದವು. ಮಾವ ಅವನ್ನು ಹೆಕ್ಕಿ ಅಂಗೈಯಲ್ಲಿಟ್ಟು ನೋಡಿದ. ಕರ್ರಗೆ ಹಳೆಯವು, ಗಾಡಿಯ ಜೊತೆಗೇ ಬಂದವು. ಎಡಗಡೆಯವು ಬೆಳ್ಳಗಿದ್ದವು, ಹೊಸವು. ಅಳಿಯ ಪಟ್ಟಿಗಳನ್ನು ಸೋಪುನೀರಿನಲ್ಲಿ ತಿಕ್ಕಿ ಗೋಡೆಗೆ ಒರಗಿಸಿ ಟೀ ಕುಡಿಯಲು ಒಳಗೆ ಹೋದದ್ದೇ ತಡ, ಮಾವ ಎದ್ದುಹೋಗಿ ಬೆರಳಾಡಿಸಿದ. ಬಲಗಡೆಯ ಪಟ್ಟಿಯ ಮೈ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಚುಕ್ಕೆಗಳಿಂದ ಒರಟಾಗಿತ್ತು. ಎಡಗಡೆಯದು ನುಣ್ಣಗೆ ಜಾರುತ್ತಿತ್ತು. ಪ್ಲಾಸ್ಟಿಕ್ಕಿನ ಆ ಒರಟು ತನ್ನಷ್ಟಕ್ಕೆ ಹೋಗುವುದಿಲ್ಲ. ಯಾರೋ ಉಪ್ಪುಕಾಗದ ಹಿಡಿದು ಉಜ್ಜಿದ್ದಾರೆ, ಒಂದಲ್ಲ, ಹಲವು ಸಲ. ಗಾಡಿಯನ್ನು ಗೇಟಿನ ಕಂಬಕ್ಕೆ ತಾಗಿಸುವುದು, ಗುಟ್ಟಾಗಿ ಬಿಚ್ಚುವುದು, ಉಜ್ಜುವುದು, ಬಣ್ಣ ಹೊಡೆಯುವುದು, ಮತ್ತೆ ತಾಗಿಸುವುದು. ಎಡಗಡೆ ಕರ್ರಗಾಗಿ ಬಲಗಡೆಗೆ ಹೊಂದದೆ ಹೋದಾಗ ಇಡೀ ಗಾಡಿಗೇ ಬಳಿಯುವ ಈ ನಾಟಕ. ಈಚೆಗೆ ಅಳಿಯ ವಾರವಾರ ಗಾಡಿಯನ್ನು ಗೇಟಿನಾಚೆ ತೆಗೆದು ತೊಳೆಯುತ್ತಿದ್ದ ಭಕ್ತಿಯ ಗುಟ್ಟು ಈಗ ರಟ್ಟಾಯಿತು!

ಮಾವ ಆಗಲೇ ಬಾಯಿ ಬಿಡಲಿಲ್ಲ. ರೆಡ್ ಹ್ಯಾಂಡಾಗಿ ಹಿಡಿಯದೆ ಕೇಳಿದರೆ ಹಾರಿಕೆಯ ಉತ್ತರ ಬರುತ್ತದೆ ಎಂಬುದು ಅವನ ಲೆಕ್ಕ. ಸಂಜೆಯ ಹೊತ್ತಿಗೆ ಪಟ್ಟಿಗಳೆಲ್ಲ ಹೊಳಪಿಲ್ಲದ ಒಂದೇ ಕಪ್ಪಿನಲ್ಲಿ ಒಣಗಿ ತಮ್ಮ ಜಾಗಕ್ಕೆ ಹೋಗಿ ಕೂತವು. ಗಾಡಿ ಐದು ವರ್ಷ ಚಿಕ್ಕದಾಗಿ ಕಂಡಿತು. ಕೆಲಸ ಚೆನ್ನಾಗಿತ್ತು, ಮಾವನಿಗೆ ಅದೂ ಒಂದು ಸಂಕಟವೇ ಆಯಿತು.

ಮರುದಿನ ಬೆಳಿಗ್ಗೆ ಅವನು ಕಬ್ಬಿಣಕ್ಕೆ ಬಳಿಯುವ ಕೆಂಪು ಬಣ್ಣಕ್ಕೆ ಹಳೆಯ ಎಂಜಿನ್ ಆಯಿಲ್ ಬೆರೆಸಿ, ಬೇಗ ಒಣಗದ ಹಾಗೆ ಮಾಡಿ, ಗೇಟಿನ ಎಡಗಂಬದ ಮೂಲೆಗೆ ಹೊಡೆದಿದ್ದ ಕಬ್ಬಿಣದ ಪಟ್ಟಿಗೆ ಬಳಿದ. ಸರಿಯಾಗಿ ಚಕ್ರದ ಎತ್ತರಕ್ಕೆ.

"ಇದೇನಪ್ಪಾ ಬೆಳ್‌ಬೆಳಿಗ್ಗೆ?" ಎಂದಳು ಮಗಳು.

"ತುಕ್ಕು ಹಿಡಿದಿತ್ತು."

"ತುಕ್ಕು ಬಿಡು. ಕಣ್ಣಿನ ಡಾಕ್ಟರ ಹತ್ರ ಹೋಗೋಣ ಅಂತ ಎಷ್ಟು ದಿನದಿಂದ ಬಡ್ಕೋತಿದೀನಿ, ಅದಕ್ಕೆ ನಿನಗೆ ಪುರಸೊತ್ತಿಲ್ಲ."

"ಪೇಪರ್ ಓದ್ತೀನಿ, ಸೂಜಿಗೆ ದಾರ ಪೋಣಿಸ್ತೀನಿ. ಇನ್ನೇನು ಕಣ್ಣಲ್ಲಿ ಕಾಳು ಎಣಿಸ್ಬೇಕಾ?"

ಅಳಿಯ ಹೊಸಿಲ ಮೇಲೆ ನಿಂತು ಕೆಂಪಾದ ಕಂಬವನ್ನು ನೋಡಿದ, ಆಮೇಲೆ ಮಾವನ ಕೈಯಲ್ಲಿದ್ದ ಕುಂಚವನ್ನು ನೋಡಿದ. ಮುಖ ಬಿಳಿಚಿಕೊಂಡದ್ದನ್ನು ಮಾವ ಮನಸ್ಸಿನಲ್ಲಿ ಗುರುತುಮಾಡಿಕೊಂಡ.

ಅದೇ ಸೋಮವಾರ ತಾನಾಗಿಯೇ ಅಳಿಯನಿಗೆ ಕೀ ಕೊಟ್ಟು, ಗಾಜಿಗೆ ಸುತ್ತಲು ಪ್ರೆಸ್ಸಿನಿಂದ ರದ್ದಿ ಕಾಗದ ತರಲು ಕಳಿಸಿದ. ಅಳಿಯ ಹೋದ, ಬಂದ. ಮಾವ ಹಿಂದೆಯೇ ಹೋಗಿ ಬಗ್ಗಿ ನೋಡಿದರೆ ಪಟ್ಟಿಯ ಮೇಲೆ ಕೆಂಪಿನ ಚುಕ್ಕೆಯೂ ಇಲ್ಲ. ಗೊತ್ತಾಗಿ ಹುಷಾರಾಗಿದ್ದಾನೆ ಎಂದುಕೊಂಡ.

ಮಂಗಳವಾರ ಬೆಳಿಗ್ಗೆ ಅಳಿಯ ಅಂಗಳದಲ್ಲಿ ಸುಮ್ಮನೆ ಸುಳಿದಾಡಿ ಕೊನೆಗೆ ಹೇಳಿದ, "ಮಾವ, ಗಾಡಿ ನಾನು ಗೇಟಿಂದ ಆಚೆ ತೆಗೆದು ಕೊಡ್ಲಾ? ಸಂಜೆ ನೀವು ಬಂದಾಗ ರಸ್ತೇಲೇ ನಿಲ್ಲಿಸಿ, ಒಳಗೆ ನಾನು ಹಾಕ್ತೀನಿ."

"ಯಾಕೆ, ನನಗೆ ಕೈಕಾಲು ಬಿದ್ದುಹೋಗಿದೆಯಾ? ನೀವು ಪ್ರೆಸ್ಸಿಗೆ ಹೊರಡಿ."

ಅಂದು ಹನ್ನೆರಡು ನಿಲುವುಗನ್ನಡಿಗಳ ಲೋಡು. ಹೊಸ ಬಟ್ಟೆ ಅಂಗಡಿಯೊಂದರ ಮುಂದೆ ಮಧ್ಯಾಹ್ನ ಮೂರರವರೆಗೆ ಕಾಯಬೇಕಾಯಿತು. ಕನ್ನಡಿ ಬಿಟ್ಟು ಇಳಿಯುವಂತಿರಲಿಲ್ಲ. ಮಾವ ಡ್ರೈವರ್ ಸೀಟಿನಲ್ಲೇ ಬುತ್ತಿ ಬಿಚ್ಚಿ ಉಂಡ. ಹನ್ನೆರಡೂ ಸುಸೂತ್ರವಾಗಿ ಇಳಿದವು. ಸಂಜೆ ಮನೆಗೆ ತಿರುಗಿ ಗೇಟಿನೊಳಗೆ ಗಾಡಿ ತರುವಾಗ ಎಲ್ಲೋ ಕಿರ್ ಎಂದಂತಾಯಿತು. ಗೇಟಿನ ಕೀಲಿಗೆ ಎಣ್ಣೆ ಬಿಡಬೇಕು ಎಂದುಕೊಂಡ.

ಟೀ ಕುಡಿದು, ಅಭ್ಯಾಸಬಲದಿಂದ, ಗಾಡಿಯ ಸುತ್ತ ಒಂದು ಸುತ್ತು ಬಂದ. ಹಿಂದಿನ ಎಡಚಕ್ರದ ಹೊಸ ಕಪ್ಪಿನ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಮೂಡಿತ್ತು.

ಮಾವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಬನ್ನಿ ಅಳಿಯಂದ್ರೇ, ಸ್ವಲ್ಪ ದಯಮಾಡಿಸಿ!" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದ. ಆಗಷ್ಟೇ ಪ್ರೆಸ್ಸಿನಿಂದ ಬಂದಿದ್ದ ಅಳಿಯ ಬರಿಗಾಲಲ್ಲಿ ಓಡಿಬಂದ, ಹಿಂದೆಯೇ ಮಗಳು.

"ನೋಡಿ. ಏನಿದು? ಕಣ್ಣು ಬಿಟ್ಟು ನೋಡಿ! ಎಷ್ಟು ತಿಂಗಳಿಂದ ನಡೀತಿದೆ ಈ ಕಳ್ಳಾಟ? ಗುದ್ದೋದು, ಗುಟ್ಟಾಗಿ ಬಳಿಯೋದು. ನನ್ನ ಮೂವತ್ತೊಂದು ವರ್ಷದ ಹೆಸರು ನಿಮಗೆ ಆಟದ ಸಾಮಾನಾ?"

ಅಳಿಯ ಕೆಂಪು ಗೆರೆಯನ್ನೇ ನೋಡುತ್ತ ನಿಂತ.

"ಅಪ್ಪಾ," ಎಂದಳು ಮಗಳು, "ಗಾಡಿ ಇವತ್ತೆಲ್ಲ ನಿನ್ನ..."

"ನೀನು ಸುಮ್ನಿರು," ಎಂದು ಅಳಿಯ ಅವಳ ಮಾತು ತಡೆದ. ಅವನು ಹೆಂಡತಿಯನ್ನು ಹಾಗೆ ಗದರಿಸಿದ್ದನ್ನು ಮಾವ ಹಿಂದೆಂದೂ ಕೇಳಿರಲಿಲ್ಲ. "ನಾನೇ ಮಾವ. ತಪ್ಪಾಯ್ತು. ಮಧ್ಯಾಹ್ನ ಮನೆಗೆ ಬಂದಿದ್ದೆ, ಗಾಡಿ ಒಂಚೂರು ಆಚೆ ತೆಗೆದೆ. ಆಗ ತಾಗ್ತು."

"ಮಧ್ಯಾಹ್ನ?"

"ಹೂಂ. ಒಂದೂವರೆಗೆ."

ಒಂದೂವರೆಗೆ ಮಾವ ಬಟ್ಟೆ ಅಂಗಡಿಯ ಮುಂದೆ ಇದೇ ಸೀಟಿನಲ್ಲಿ ಕೂತು ಉಣ್ಣುತ್ತಿದ್ದ, ಹಿಂದೆ ಹನ್ನೆರಡು ಕನ್ನಡಿ. ಕೀ ಬೆಳಿಗ್ಗೆಯಿಂದ ಅವನ ಜೇಬಿನಲ್ಲೇ ಇತ್ತು, ಈಗಲೂ ಇತ್ತು. ಅದನ್ನು ಜೇಬಿನ ಮೇಲಿನಿಂದಲೇ ಮುಟ್ಟಿ ನೋಡಿಕೊಂಡ.

"ಹಾಗಾದ್ರೆ ಯಜಮಾನ್ರಿಗೆ ನಾನೇನು ಹೇಳ್ಲಿ?" ಎಂದು ಕೇಳಿದ. ದನಿ ಇಳಿದಿತ್ತು.

"ನನ್ನ ಕೈಲಿ ಗಾಜಿನ ಕೆಲಸ ಆಗಲ್ಲ ಅಂತ ಹೇಳ್ಬಿಡಿ ಮಾವ."

ಮಗಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅಳಿಯ ಒರೆಸುವ ಬಟ್ಟೆ ತರುತ್ತೇನೆಂದು ಹೊರಟ. ಮಾವ ಒಬ್ಬನೇ ಉಳಿದ. ಅವನಿಗೆ ಕೋಪ ಬರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಗಾಡಿಯ ಬಾಗಿಲು ತೆರೆದು ಡ್ರೈವರ್ ಸೀಟಿಗೆ ಹತ್ತಿ ಕೂತ. ಗಾಡಿಯ ಪಕ್ಕದ ಕನ್ನಡಿಯಲ್ಲಿ ಹಿಂದಿನ ಗೇಟು ಕಾಣುತ್ತಿತ್ತು. ಅದು ಬೇಡವೆಂದು ಎದುರಿಗೇ ನೋಡಿದ. ಎದುರಿನ ಗೋಡೆಯ ಮೇಲೆ ಎಡಕ್ಕೆ ಮಗಳು ಒಣಹಾಕಿದ್ದ ಹಳದಿ ಟವೆಲ್ಲು, ಬಲಕ್ಕೆ ಒಂದು ಅಂಗಿ. ಬಲಗಣ್ಣನ್ನು ಅಂಗೈಯಿಂದ ಮುಚ್ಚಿದ. ಅಂಗಿ ಇತ್ತು. ಗೋಡೆ ಇತ್ತು. ಟವೆಲ್ಲು ಇರಲಿಲ್ಲ. ಅಲ್ಲಿ ಕತ್ತಲೆಯೂ ಇರಲಿಲ್ಲ, ಏನೋ ಮುಗಿದುಹೋದ ಹಾಗೆ ಬರೀ ಇಲ್ಲ. ಕೈ ತೆಗೆದು ತಲೆ ತಿರುಗಿಸಿದ, ಟವೆಲ್ಲು ಬಂತು. ಮತ್ತೆ ನೇರ ನೋಡಿ ಮುಚ್ಚಿದ, ಹೋಯಿತು. ಚಿಕ್ಕ ಮಕ್ಕಳ ಆಟದ ಹಾಗೆ ನಾಲ್ಕೈದು ಸಲ ಹಾಗೇ ಮಾಡಿದ.

ಥಿನ್ನರ್ ಹಾಕಿದ ಬಟ್ಟೆ ಹಿಡಿದು ಅಳಿಯ ಬಂದಾಗ ಡ್ರೈವರ್ ಸೀಟು ಖಾಲಿಯಿತ್ತು. ಕೀ ಅದರ ಜಾಗದಲ್ಲಿ ನೇತಾಡುತ್ತಿತ್ತು. ಮಾವ ಎಡಗಡೆಯ ಸೀಟಿನ ಮೇಲಿದ್ದ ರದ್ದಿ ಕಾಗದದ ಕಟ್ಟನ್ನು ತೊಡೆಯ ಮೇಲೆ ಎತ್ತಿಕೊಂಡು ಕೂತಿದ್ದ.

"ಒರೆಸೋದು ಆಮೇಲೆ ಒರೆಸುವಂತೆ. ಹತ್ತು."

"ಎಲ್ಲಿಗೆ ಮಾವ?"

"ಎಲ್ಲಿಗೂ ಇಲ್ಲ. ರಿವರ್ಸ್ ತಗೊಂಡು ಆಚೆ ಹೋಗಿ ಮತ್ತೆ ಒಳಗೆ ಬಾ. ನೋಡೋಣ."

ಅಳಿಯ ಹತ್ತಿದ. ಗಾಡಿ ರಸ್ತೆಗಿಳಿದು, ಮುಂದೆ ಹೋಗಿ ತಿರುಗಿಸಿಕೊಂಡು ಬಂದು, ಗೇಟಿನತ್ತ ಹೊರಳಿತು. ಮಾವ ಎಡಗಿಟಕಿಯ ಗಾಜಿಳಿಸಿ ಮೈಯನ್ನು ಅರ್ಧ ಹೊರಗೆ ಚಾಚಿ, ತಲೆ ಪೂರ್ತಿ ಹಿಂದಕ್ಕೆ ತಿರುಗಿಸಿ, ಚಕ್ರದ ಮೇಲಿನ ಪಟ್ಟಿಯನ್ನೇ ನೋಡಿದ. ಕೆಂಪು ಕಂಬ ಮೆಲ್ಲಗೆ ಹತ್ತಿರ ಬಂತು, ಪಕ್ಕಕ್ಕೆ ಬಂತು, ದಾಟಿತು. ನಡುವೆ ಒಂದು ಗೇಣು ಜಾಗವಿತ್ತು.